ಮೂರು ಕಂಪ್ಯೂಟರ್, ಒಂದು ಎಡಗೈ

ಆ ಆಸ್ಪತ್ರೆಗೆ ನನ್ನನ್ನು ಮೊದಲು ಕಳಿಸಿದ್ದು ಕೀಬೋರ್ಡುಗಳ ಜಗಳ ಬಿಡಿಸಿ ಬಾ ಅಂತ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಕಂಟೋನ್ಮೆಂಟಿನ ಹಳೆಯ ಖಾಸಗಿ ಆಸ್ಪತ್ರೆ. ಶಿವಾಜಿನಗರದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ನಡೆದುಹೋಗುವಷ್ಟು ದೂರ. ನಮ್ಮ ಕಂಪನಿ ಇಂದಿರಾನಗರದಲ್ಲಿ ಒಂದು ಮನೆಯ ಮೇಲ್ಮಹಡಿಯಲ್ಲಿತ್ತು. ಆಸ್ಪತ್ರೆಯ ಲ್ಯಾಬಿಗೆ ಸಾಫ್ಟ್‌ವೇರ್ ಬರೆದುಕೊಟ್ಟದ್ದು ನಾವು. ನಾವು ಅಂದರೆ ನಾನಲ್ಲ. ಬರೆದವರು ಕಂಪನಿ ಬಿಟ್ಟು ಹೋಗಿದ್ದರು, ಅವರು ಬಿಟ್ಟುಹೋದದ್ದನ್ನು ಸಂಭಾಳಿಸುವ ಕೆಲಸ ನನ್ನ ಕೊರಳಿಗೆ ಬಿದ್ದಿತ್ತು.

ಜಗಳ ಏನೆಂದರೆ, ಅಲ್ಲಿ ಮೂರು ಜಾತಿಯ ಕಂಪ್ಯೂಟರುಗಳಿದ್ದವು. ಲ್ಯಾಬಿನಲ್ಲಿ ಕಪ್ಪು ಪರದೆ, ಹಸಿರು ಅಕ್ಷರದ ಹಳೆಯ ಟರ್ಮಿನಲ್‌ಗಳು. ಅವಕ್ಕೆ ಸ್ವಂತ ಬುದ್ಧಿಯಿಲ್ಲ. ಗೋಡೆಯುದ್ದಕ್ಕೂ ಎಳೆದ ವೈರಿನಲ್ಲಿ ಸರ್ವರ್ ರೂಮಿನ ಯುನಿಕ್ಸ್ ಯಂತ್ರಕ್ಕೆ ಸೇರಿಕೊಂಡಿದ್ದವು. ಮೇಲಿನ ಮಹಡಿಯಲ್ಲಿ ಡಿಸ್ಚಾರ್ಜ್ ಕಾಗದ ಟೈಪ್ ಮಾಡುವಲ್ಲಿ ವಿಂಡೋಸ್. ಡಾಕ್ಟರುಗಳಿಗೆ ಸ್ಲೈಡ್ ಮಾಡಿಕೊಡುವ ಮೂಲೆ ಕೋಣೆಯಲ್ಲಿ ಯಾರೋ ಪುಣ್ಯಾತ್ಮರು ದಾನ ಕೊಟ್ಟ ಒಂದು ಮ್ಯಾಕ್. ಟೈಪಿಸ್ಟುಗಳು ಮಾತ್ರ ಒಂದೇ ಗುಂಪು. ಯಾರಾದರೂ ರಜ ಹಾಕಿದರೆ ಇಲ್ಲಿದ್ದವರನ್ನು ಅಲ್ಲಿ ಕೂರಿಸುತ್ತಿದ್ದರು.

ವಿಂಡೋಸ್‌ನಲ್ಲಿ ಕಂಟ್ರೋಲ್ ಸಿ ಒತ್ತಿದರೆ ಕಾಪಿ. ಯುನಿಕ್ಸ್‌ನಲ್ಲಿ ಅದನ್ನೇ ಒತ್ತಿದರೆ ನಡೆಯುತ್ತಿದ್ದ ಪ್ರೋಗ್ರಾಮೇ ಸತ್ತುಹೋಗುತ್ತದೆ. ಕಂಟ್ರೋಲ್ ಝಡ್ ಅಲ್ಲಿ ಮಾಡಿದ ತಪ್ಪನ್ನು ಹಿಂದಕ್ಕೆ ತೆಗೆದುಕೊಂಡರೆ ಇಲ್ಲಿ ಪ್ರೋಗ್ರಾಮನ್ನು ಮಲಗಿಸುತ್ತದೆ. ಮ್ಯಾಕ್‌ನಲ್ಲಿ ಇವೆಲ್ಲಕ್ಕೂ ಕಂಟ್ರೋಲ್ ಬಿಟ್ಟು ಸ್ಪೇಸ್ ಬಾರಿನ ಪಕ್ಕದ ಕಮಾಂಡ್ ಕೀ. ಕಿರುಬೆರಳಿನ ಕೆಲಸ ಹೆಬ್ಬೆರಳಿಗೆ. ಸಿ ಮತ್ತು ಝಡ್‌ನಿಂದ ಅನಾಹುತ ಆಗದ ಹಾಗೆ ಲ್ಯಾಬಿನ ಸಾಫ್ಟ್‌ವೇರಿನಲ್ಲಿ ಮೊದಲೇ ಮುಚ್ಚಿದ್ದರು. ಆದರೂ ಟೈಪಿಸ್ಟುಗಳು ದಿನಾ ಗೊಣಗುತ್ತಿದ್ದರು. ನಮ್ಮ ಮ್ಯಾನೇಜರ್ ಹೇಳಿದ್ದು ಇಷ್ಟೇ: "ಯಾವ ಮಿಷಿನ್‌ಗೆ ಯಾವ ಕೀ ಅಂತ ಒಂದು ಚಾರ್ಟ್ ಮಾಡಿ ಗೋಡೆಗೆ ಅಂಟ್ಸಿ ಬಾಮ್ಮ. ಅಷ್ಟಕ್ಕೆಲ್ಲಾ ತಲೆ ಕೆಡಿಸ್ಕೋಬೇಡ."

ಕೈ ಚಾರ್ಟ್ ಓದೋದಿಲ್ಲ ಸರ್ ಅಂದೆ. ಅವರು ಆಗಲೇ ಫೋನ್ ಎತ್ತಿಕೊಂಡಿದ್ದರು.

ನಾನು ಚಾರ್ಟ್ ಮಾಡುತ್ತಾ ಇದ್ದ ಆ ವಾರದಲ್ಲೇ ಆಸ್ಪತ್ರೆಯಲ್ಲಿ ಒಬ್ಬ ಹೆಂಗಸು ತೀರಿಕೊಂಡರು. ಕಿಡ್ನಿ ತೊಂದರೆಯಿದ್ದ ವಯಸ್ಸಾದ ತಾಯಿ. ಮಧ್ಯಾಹ್ನ ಅವರ ರಕ್ತ ಲ್ಯಾಬಿಗೆ ಬಂದಿತ್ತು, ಅರ್ಜೆಂಟ್ ಅಂತ ಬರೆದ ಸೀಸೆಯಲ್ಲಿ. ಪೊಟ್ಯಾಸಿಯಂ ವಿಪರೀತ ಏರಿತ್ತು. ಆ ಮಟ್ಟಕ್ಕೆ ಏರಿದರೆ ಹೃದಯ ಯಾವ ಗಳಿಗೆಯಲ್ಲಾದರೂ ನಿಲ್ಲಬಹುದು. ಟೆಕ್ನಿಷಿಯನ್ ಬರೆದ ಚೀಟಿಯಲ್ಲಿ ಸರಿಯಾದ ಅಂಕಿಯೇ ಇತ್ತು. ವಾರ್ಡಿಗೆ ಹೋದ ರಿಪೋರ್ಟಿನಲ್ಲಿ ಮಾತ್ರ ಎಲ್ಲ ನಾರ್ಮಲ್. ಡಾಕ್ಟರು ರಿಪೋರ್ಟ್ ನೋಡಿ ಡಯಾಲಿಸಿಸ್ಸನ್ನು ಮರುದಿನಕ್ಕೆ ಹಾಕಿದರು. ಆ ತಾಯಿಗೆ ಮರುದಿನ ಬರಲಿಲ್ಲ.

ಮಗ ಶಿವಾಜಿನಗರದ ಮಾರ್ಕೆಟ್ಟಿನಲ್ಲಿ ಹಣ್ಣಿನ ಅಂಗಡಿ ಇಟ್ಟವರು. ಗಲಾಟೆ ಮಾಡಲಿಲ್ಲ, ಜನ ಕಟ್ಟಿಕೊಂಡು ಬರಲಿಲ್ಲ. ಬೆಳಿಗ್ಗೆ ಬಂದು ಆಡಳಿತಾಧಿಕಾರಿಯ ಕೋಣೆಯ ಮುಂದಿನ ಬೆಂಚಿನಲ್ಲಿ ಕೂರುವುದು, ಮಧ್ಯಾಹ್ನ ಎದ್ದುಹೋಗುವುದು. ಕೇಳುತ್ತಿದ್ದದ್ದು ಒಂದೇ ಮಾತು: "ಅಮ್ಮೀಗೆ ಏನಾಯ್ತು ಹೇಳ್ಬಿಡಿ ಸಾರ್, ಬಸ್, ಅಷ್ಟೇ." ಹೀಗೆ ಸುಮ್ಮನೆ ಕೂತವರ ಎದುರು ಆಸ್ಪತ್ರೆಯವರಿಗೆ ಇನ್ನೂ ದಿಗಿಲು. ಅವರ ಕೈಗೆ ಕೊಡಲು ಒಂದು ಹೆಸರು ಬೇಕಾಗಿತ್ತು. ಹೆಸರು ಸಿಕ್ಕಿತ್ತು ಕೂಡ.

ಅದು ಆ ಮಧ್ಯಾಹ್ನ ಲ್ಯಾಬಿನಲ್ಲಿ ಕೂತಿದ್ದ ಟೈಪಿಸ್ಟ್ ಒಬ್ಬಳದು. ರಾಯಚೂರು ಕಡೆಯ ಹೆಂಗಸು, ಕಗ್ಗದಾಸಪುರದಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಸಂಸಾರ. ಗಂಡ ಕಟ್ಟಡದ ಕೆಲಸದಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದ. ಮನೆ ನಡೆಯುತ್ತಿದ್ದದ್ದು ಇವಳ ಕೆಲಸದ ಮೇಲೆ. ವರ್ಷಗಟ್ಟಲೆ ಮೇಲಿನ ಮಹಡಿಯಲ್ಲಿ ವಿಂಡೋಸ್‌ನಲ್ಲಿ ಟೈಪ್ ಮಾಡಿಕೊಂಡಿದ್ದವಳನ್ನು, ಲ್ಯಾಬಿನ ಹುಡುಗಿ ಹೆರಿಗೆ ರಜಕ್ಕೆ ಹೋದಳೆಂದು ಕೆಳಗೆ ಕೂರಿಸಿದ್ದರು. ಈಗ ಅಮಾನತು ಮಾಡಿ ಮನೆಗೆ ಕಳಿಸಿದ್ದರು. ವಿಚಾರಣೆ ಮುಗಿದ ಮೇಲೆ ಕೆಲಸದಿಂದ ತೆಗೆಯುವುದು, ಪೋಲೀಸಿಗೆ ಕೊಡುವುದು ಎಂದು ಮಾತಾಡಿಕೊಳ್ಳುತ್ತಿದ್ದರು.

ಮ್ಯಾನೇಜರ್ ನನ್ನನ್ನು ಕರೆದು, "ಸಾಫ್ಟ್‌ವೇರ್ ಸರಿ ಇದೆ ಅಂತ ಒಂದು ರಿಪೋರ್ಟ್ ಬರ್ಕೊಡು" ಅಂದರು. ಸರಿ ಇದೆಯೋ ಇಲ್ಲವೋ ನೋಡಿ ಬಾ ಅನ್ನಲಿಲ್ಲ. ನಾನೂ ಆಗ ಅದನ್ನು ಗಮನಿಸಲಿಲ್ಲ ಅನ್ನಿ.

ಡೇಟಾಬೇಸ್ ತೆಗೆದು ನೋಡಿದರೆ ಎಲ್ಲ ಸ್ಪಷ್ಟ. ಆ ತಾಯಿಯ ರಿಪೋರ್ಟಿನ ಅಂಕಿಗಳು ಅವರಿಗಿಂತ ಹಿಂದಿನ ನಂಬರಿನ ರೋಗಿಯ ಅಂಕಿಗಳೇ; ದಶಾಂಶದ ಮುಂದಿನದ್ದೂ ಬಿಡದೆ ಒಂದೇ. ಎರಡೂ ಒಂದೇ ಟರ್ಮಿನಲ್ಲಿನಿಂದ, ಅವಳದೇ ಲಾಗಿನ್‌ನಲ್ಲಿ, ಒಂದರ ಹಿಂದೆ ಒಂದು. ಅಂದರೆ ಒಬ್ಬರ ಚೀಟಿಯನ್ನು ಇಬ್ಬರಿಗೆ ಹೊಡೆದಿದ್ದಾಳೆ. ಆಡಳಿತಾಧಿಕಾರಿ ಅದನ್ನು ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಇನ್ನೇನು ಬೇಕು?" ಅಂದರು.

ನನಗೆ ಇನ್ನೂ ಏನೋ ಬೇಕಾಗಿತ್ತು. ಅಜಾಗರೂಕತೆಯಿಂದ ಟೈಪ್ ಮಾಡುವವರ ತಪ್ಪು ಹೀಗಿರುವುದಿಲ್ಲ. ಅಂಕಿ ಹಿಂದೆ ಮುಂದೆ ಆಗುತ್ತದೆ, ಚುಕ್ಕೆ ಬಿಟ್ಟುಹೋಗುತ್ತದೆ. ಇಲ್ಲಿ ಹದಿನಾಲ್ಕೋ ಹದಿನೈದೋ ಅಂಕಿಗಳನ್ನು ಒಂದೂ ತಪ್ಪದೆ ಎರಡು ಸಲ ಹೊಡೆದಿದ್ದಾಳೆ. ಇಷ್ಟು ನೆಟ್ಟಗೆ ಟೈಪ್ ಮಾಡುವವಳು ಚೀಟಿಯ ಮೇಲಿನ ಹೆಸರು ನೋಡುವುದಿಲ್ಲವೇ?

ಲ್ಯಾಬಿನ ಮೂಲೆಯಲ್ಲಿ ಕೂತು ಹುಡುಕತೊಡಗಿದೆ. ರಿಪೋರ್ಟನ್ನು ಒಪ್ಪಿಸುವ ಎಫ್ ಟು ಕೀ ಒಂದು ಸಲ ಒತ್ತಿದರೆ ಎರಡು ಸಲ ಹೋಗುತ್ತಿದೆಯೇ? ಇಲ್ಲ. ಇಬ್ಬರು ಒಟ್ಟಿಗೆ ಒಂದೇ ನಂಬರ್ ತೆಗೆದರೆ ಕಲಸಿಹೋಗುತ್ತದೆಯೇ? ಇಲ್ಲ. ವೈರ್ ಅಲ್ಲಾಡಿಸಿದೆ, ಕೀಬೋರ್ಡ್ ಬದಲಾಯಿಸಿದೆ, ಸುಳ್ಳು ರೋಗಿಗಳನ್ನು ಸೃಷ್ಟಿಸಿ ನೂರಾರು ಸಲ ಹೊಡೆದೆ. ಪ್ರೋಗ್ರಾಂ ಗಂಗೆಯಷ್ಟು ನಿರ್ಮಲ. ಒಂದು ಮಾತ್ರ ಕಣ್ಣಿಗೆ ಬಿತ್ತು: ಒಬ್ಬರದು ಒಪ್ಪಿಸಿದ ಕೂಡಲೇ ಪ್ರೋಗ್ರಾಂ ತಾನಾಗಿ ಮುಂದಿನ ನಂಬರಿನ ರೋಗಿಯನ್ನು ತೆರೆಯುತ್ತದೆ. ಕೆಲಸ ಬೇಗ ಆಗಲಿ ಅಂತ ಮಾಡಿದ್ದು. ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಲ್ಯಾಬಿನ ಇನ್‌ಚಾರ್ಜ್ ಹಲಸೂರಿನವರು, ಮನೆಮಾತು ತಮಿಳು, ನಿವೃತ್ತಿಗೆ ಹತ್ತಿರ. ನನ್ನ ಒದ್ದಾಟ ನೋಡಿ ನೋಡಿ ಸಾಕಾಗಿ ಒಂದು ದಿನ ಹೇಳಿದರು: "ಪಾರಮ್ಮಾ, ಇಲ್ಲಿ ನೋಡು, ನೀನು ಮಿಷಿನ್‌ನ ಕೇಳ್ತಾ ಇದೀಯ. ಆ ಹುಡುಗಿನ ಯಾರೂ ಕೇಳ್ಲೇ ಇಲ್ಲ. ಹೊಡೆದ್ಯಾ ಇಲ್ವಾ, ಅಷ್ಟೇ ಕೇಳಿ ಕಳಿಸ್ಬಿಟ್ರು."

ನನಗೆ ಅವಳನ್ನು ಭೇಟಿಯಾಗುವ ಅನುಮತಿ ಇರಲಿಲ್ಲ. ಇನ್‌ಚಾರ್ಜ್ ಮೇಡಂ ಅನುಮತಿಗಿನುಮತಿ ಅನ್ನದೆ ಅವಳಿಗೆ ಹೇಳಿಕಳಿಸಿದರು. ಮರುದಿನ ಎಲ್ಲರೂ ಊಟಕ್ಕೆ ಹೋದ ಹೊತ್ತಿಗೆ ಹಿಂದಿನ ಬಾಗಿಲಿನಿಂದ ಬಂದಳು. ನಾನಂದುಕೊಂಡದ್ದಕ್ಕಿಂತ ಚಿಕ್ಕವಳು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಅವತ್ತು ಏನಾಯ್ತು, ಮೊದಲಿಂದ ಹೇಳಿ" ಅಂದೆ.

"ಸ್ಕ್ರೀನ್ ಹ್ಯಾಂಗ್ ಆಗಿತ್ರಿ ಮೇಡಂ. ಅದು ಆಗ್ತಾನ ಇರ್ತದ್ರಿ. ನಾ ಚೀಟಿ ನೋಡಿ ಪೂರಾ ಹೊಡದು, ಎಫ್ ಟು ಒತ್ತಿ ತಲಿ ಎತ್ತಿದ್ರ, ಅರ್ಧಾ ಅಷ್ಟ ಕಾಣಸ್ತಿತ್ತು. ಬಿದ್ದಿಲ್ಲ ಅಂತ ಅದನ್ನ ಮತ್ತೊಮ್ಮೆ ಹೊಡದೆ. ಆಗಲೂ ಅಲ್ಲಾಡ್ಲಿಲ್ರಿ. ಬಂದ್ ಮಾಡಿ ಚಾಲೂ ಮಾಡಿದೆ. ಹ್ಯಾಂಗ್ ಆದ್ರ ಹಂಗ ಮಾಡ್ರಿ ಅಂತ ಎಲ್ಲಾರೂ ಹೇಳಿದ್ರು."

"ಆಮೇಲೆ ಆ ವಯಸ್ಸಾದವರ ಚೀಟಿ?"

"ಆ ನಂಬರ್ ತಗದ್ರ ಆಗಲೇ ಮುಗಿದಾದ ಅಂತ ತೋರಿಸ್ತು. ಅರ್ಜೆಂಟ್ ಇದ್ದದ್ದು ಟೆಕ್ನಿಷಿಯನ್ನೋರು ತಾವ ಹೊಡೀತಾರಲ್ರಿ. ಅವರ ಹೊಡದಾರ ಅಂತ ಚೀಟಿ ಬದಿಗಿಟ್ಟೆ. ನಾ ಆ ಅಮ್ಮನ ನಂಬರಿಗೆ ಕೈ ಹಚ್ಚಿಲ್ರಿ. ದೇವ್ರಾಣಿ."

ಅರ್ಜೆಂಟ್ ಚೀಟಿಗಳನ್ನು ಎಷ್ಟೋ ಸಲ ಟೆಕ್ನಿಷಿಯನ್ನುಗಳು ತಾವೇ ಹೊಡೆಯುತ್ತಿದ್ದದ್ದು ನಿಜ, ಇನ್‌ಚಾರ್ಜ್ ತಲೆಯಾಡಿಸಿದರು. ಪರದೆ ಮಾತ್ರ ನಿಂತು ಯಂತ್ರ ಒಳಗೊಳಗೇ ಕೆಲಸ ಮಾಡುತ್ತಿರುವುದಕ್ಕೆ ಯುನಿಕ್ಸ್‌ನಲ್ಲಿ ಒಂದು ಹಳೆಯ ಕಾರಣವಿದೆ. "ನೀವು ಕಂಟ್ರೋಲ್ ಎಸ್ ಒತ್ತಿದ್ರಾ?" ಅಂತ ಕೇಳಿದೆ.

"ಇಲ್ರಿ. ಈ ಮಿಷಿನಿಗೆ ಅದು ಇಲ್ಲಂತ ಹೇಳಿದ್ರಲ್ರಿ. ನಾ ಯಾಕ ಒತ್ತಲಿ?"

ಅವಳು ಸುಳ್ಳು ಹೇಳುತ್ತಿರಲಿಲ್ಲ, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಸರಿ, ಅದೂ ಅಲ್ಲ ಎಂದು ಸಪ್ಪಗಾದೆ. ಅವಳನ್ನು ಟರ್ಮಿನಲ್ಲಿನ ಮುಂದೆ ಕೂರಿಸಿ, ಸುಳ್ಳು ರೋಗಿಗಳ ಚೀಟಿ ಕೊಟ್ಟು ಟೈಪ್ ಮಾಡಲು ಹೇಳಿದೆ. ಕೈ ಮರಗಟ್ಟಿದ ಹಾಗೆ, ಒಂದೊಂದು ಅಂಕಿಗೂ ಪರದೆ ನೋಡಿಕೊಂಡು ಹೊಡೆದಳು. ಏನೂ ಆಗಲಿಲ್ಲ. ಇನ್‌ಚಾರ್ಜ್ ಪಕ್ಕದಲ್ಲಿ ಕೂತು ಅವಳ ಗಂಡನ ಸೊಂಟದ ವಿಷಯ ತೆಗೆದರು. ಮಾತಾಡುತ್ತಾ ಆಡುತ್ತಾ ಅವಳ ಕೈ ಸಡಿಲವಾಯಿತು. ಕಣ್ಣು ಚೀಟಿಯ ಮೇಲೆ, ಬೆರಳು ತಮ್ಮ ಪಾಡಿಗೆ ತಾವು. ನೋಡಲು ಚೆಂದವಿತ್ತು.

ಆಗ ವೋಲ್ಟೇಜ್ ಕುಸಿಯಿತು. ಆ ದಿನಗಳಲ್ಲಿ ಮಧ್ಯಾಹ್ನ ಅದು ಮಾಮೂಲು. ಟ್ಯೂಬ್‌ಲೈಟ್ ಎರಡು ಸಲ ಮಿಣುಕಿತು, ಫ್ಯಾನ್ ನಿಧಾನವಾಯಿತು, ಮತ್ತೆ ಸರಿಯಾಯಿತು. ಟರ್ಮಿನಲ್ ಆರಲಿಲ್ಲ. ಅವಳು ತಲೆಯೆತ್ತಲೂ ಇಲ್ಲ. ಆದರೆ ಎಡಗೈಯ ಕಿರುಬೆರಳು ಕಂಟ್ರೋಲ್ ಮೇಲೆ ಇಳಿಯಿತು, ಪಕ್ಕದ ಬೆರಳು ಎಸ್ ಒತ್ತಿತು, ಕೈ ಮತ್ತೆ ತನ್ನ ಜಾಗಕ್ಕೆ ಬಂತು. ರೆಪ್ಪೆ ಬಡಿಯುವಷ್ಟು ಹೊತ್ತು, ಅಷ್ಟೇ. ಅವಳು ಟೈಪ್ ಮಾಡುತ್ತಲೇ ಇದ್ದಳು. ಪರದೆ ಸತ್ತಿತ್ತು.

ಮೇಲಿನ ಮಹಡಿಯ ಕಂಪ್ಯೂಟರುಗಳಿಗೆ ಯುಪಿಎಸ್ ಇರಲಿಲ್ಲ. ಕರೆಂಟ್ ಹೋದರೆ ಟೈಪ್ ಮಾಡಿದ್ದೆಲ್ಲ ಹೋಯಿತು. ಅದಕ್ಕೇ ಅಲ್ಲಿನ ಮೇಲ್ವಿಚಾರಕರು ಎಲ್ಲರಿಗೂ ಒಂದು ಪಾಠ ಕಲಿಸಿದ್ದರು: ಲೈಟ್ ಮಿಣುಕಿದರೆ ಮೊದಲು ಸೇವ್, ಆಮೇಲೆ ಉಸಿರು. ವರ್ಷಗಟ್ಟಲೆ ಬೈಸಿಕೊಂಡು ಬೈಸಿಕೊಂಡು ಅದು ಅವರ ಕೈಗೆ ಇಳಿದಿತ್ತು, ತಲೆಯಿಂದ ಹೋಗಿತ್ತು. ಒತ್ತಿದಿರಾ ಎಂದರೆ ಇಲ್ಲ ಅನ್ನುವಷ್ಟು.

ಯುನಿಕ್ಸ್ ಟರ್ಮಿನಲ್ಲಿಗೆ ಅದೇ ಕೀ ಬೇರೆ ಆಜ್ಞೆ. ಟರ್ಮಿನಲ್ ನಿಧಾನದ ಯಂತ್ರ. ಸರ್ವರ್ ಒಂದೇ ಸಮನೆ ಅಕ್ಷರ ಸುರಿದರೆ ಅದಕ್ಕೆ ತಡೆಯಲಾಗುವುದಿಲ್ಲ. ಆಗ 'ತಾಳು' ಎಂದು ಒಂದು ಸಂಕೇತ ಕಳಿಸುತ್ತದೆ, ಸುಧಾರಿಸಿಕೊಂಡ ಮೇಲೆ 'ಕಳಿಸು' ಎಂದು ಇನ್ನೊಂದು. ಕಂಟ್ರೋಲ್ ಎಸ್ ಒತ್ತಿದರೆ ಹೋಗುವುದು ಅದೇ 'ತಾಳು'. ಪರದೆಗೆ ಬರುವುದು ನಿಲ್ಲುತ್ತದೆ, ಕೀಬೋರ್ಡಿನಿಂದ ಹೋಗುವುದು ನಿಲ್ಲುವುದಿಲ್ಲ. ಅವಳು ಮೊದಲ ಸಲ ಹೊಡೆದದ್ದು ಆ ರೋಗಿಗೇ ಸೇರಿತು, ಒಪ್ಪಿಸಿಯೂ ಆಯಿತು. ಪ್ರೋಗ್ರಾಂ ತಾನಾಗಿ ಮುಂದಿನ ನಂಬರಾದ ಆ ತಾಯಿಯನ್ನು ತೆರೆಯಿತು, ಆದರೆ ಪರದೆ ಅದನ್ನು ತೋರಿಸಲಿಲ್ಲ. ಬಿದ್ದಿಲ್ಲವೆಂದು ಎರಡನೇ ಸಲ ಹೊಡೆದದ್ದು ಪೂರ್ತಿ ಅವರ ಹೆಸರಿಗೆ ಹೋಯಿತು. ಟರ್ಮಿನಲ್ ಆರಿಸಿ ಹಚ್ಚಿದರೆ ಅದು ಏಳುತ್ತಲೇ 'ಕಳಿಸು' ಅನ್ನುತ್ತದೆ. ಅಷ್ಟರಲ್ಲಿ ನಡೆಯಬೇಕಾದದ್ದು ನಡೆದು, ಪರದೆಯ ಮೇಲೆ ಮೂರನೆಯವರ ಹೆಸರು ಬಂದು ನಿಂತಿರುತ್ತದೆ.

ಅದೇ ಚೀಟಿಯನ್ನು ಮತ್ತೊಮ್ಮೆ ಹೊಡೆಸಿ, ಅವಳ ಕಣ್ಣೆದುರೇ ಆರಿಸಿ ಹಚ್ಚಿ ಡೇಟಾಬೇಸ್ ತೆಗೆದೆ. ಎರಡು ಸುಳ್ಳು ರೋಗಿಗಳಿಗೆ ಒಂದೇ ಅಂಕಿಗಳು. ನನಗೆ ಕುಣಿಯುವಷ್ಟು ಸಂತೋಷವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಒಬ್ಬರು ಸತ್ತ ವಿಷಯ ಒಂದು ಗಳಿಗೆ ಮರೆತೇಹೋಗಿತ್ತು. ಅವಳು ತನ್ನ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಗಾಬರಿ ಇನ್ನೂ ಇಳಿದಿಲ್ಲ ಅಂದುಕೊಂಡೆ.

ಹಳೆಯ ದಾಖಲೆಗಳಲ್ಲಿ ಅಕ್ಕಪಕ್ಕದ ರೋಗಿಗಳಿಗೆ ಒಂದೇ ಅಂಕಿ ಇರುವುದನ್ನು ಹುಡುಕಿಸಿದೆ. ಇನ್ನೂ ಕೆಲವು ಜೋಡಿ ಸಿಕ್ಕವು, ಬೇರೆ ಟೈಪಿಸ್ಟುಗಳ ಲಾಗಿನ್‌ನಲ್ಲೂ. ಎಲ್ಲರೂ ಒಂದಲ್ಲ ಒಂದು ಕಾಲಕ್ಕೆ ಮೇಲಿನ ಮಹಡಿಯಲ್ಲಿ ಕೂತವರು. ಆ ರೋಗಿಗಳಿಗೆ ಏನಾಯಿತೋ. ಸಾಯುವಂಥ ಅಂಕಿ ಅವರದ್ದಾಗಿರಲಿಲ್ಲವೇನೋ, ಅಥವಾ ಆಗಿದ್ದು ಯಾರಿಗೂ ತಿಳಿಯಲಿಲ್ಲವೇನೋ.

ಮ್ಯಾನೇಜರಿಗೆ ಹೇಳಿದೆ. ಅವರು ಪೂರ್ತಿ ಕೇಳಿದರು. ಕೆಟ್ಟವರಲ್ಲ, ಬುದ್ಧಿಯೂ ಇದ್ದವರು. ತಕ್ಷಣ ಅರ್ಥ ಮಾಡಿಕೊಂಡರು. ಅರ್ಥವಾದ್ದರಿಂದಲೇ ಹೆದರಿದರು.

"ನಮ್ಮ ಮ್ಯಾನುಯಲ್‌ನಲ್ಲಿ ಕಂಟ್ರೋಲ್ ಎಸ್ ಇದ್ಯಾ?"

"ಇಲ್ಲ ಸರ್."

"ಇಲ್ದಿರೋ ಕೀ ಒತ್ತಿದ್ದಾಳೆ. ಅಷ್ಟು ಬರಿ, ಸಾಕು. ಅದು ಸುಳ್ಳಲ್ಲವಲ್ಲ."

"ಅದೇ ಆಸ್ಪತ್ರೆ ಮೇಲ್ಗಡೆ ಅದೇ ಕೀ ಒತ್ತು ಅಂತ ಕಲ್ಸಿದೆ ಸರ್. ಒತ್ತಿದ್ರೆ ಹಿಂಗಾಗುತ್ತೆ ಅಂತ ನಮಗೆ ಗೊತ್ತಿತ್ತು. ಸಿ, ಝಡ್ ಮುಚ್ಚಿದೀವಿ, ಇದನ್ನ ಬಿಟ್ಟಿದೀವಿ."

"ಬಿಟ್ಟಿದ್ದಕ್ಕೆ ಕಾರಣ ಇದೆ. ಅದನ್ನ ಮುಚ್ಚಿದ್ರೆ ಟರ್ಮಿನಲ್ ತಡ್ಕೊಳಲ್ಲ."

"ಆ ಕಾರಣಾನೂ ಹೇಳೋಣ."

ಅವರು ಎದ್ದು ಬಾಗಿಲು ಮುಚ್ಚಿ ಬಂದರು. "ನೋಡಮ್ಮ, ನೀನು ಅಲ್ಲಿ ಇದನ್ನ ಹೇಳಿದ್ರೆ ಆ ಸಾವು ನಮ್ಮ ತಲೆ ಮೇಲೆ ಬರುತ್ತೆ. ಆಮೇಲೆ ನಿನ್ನ ನಾನು ಕಾಪಾಡಕ್ಕಾಗಲ್ಲ."

ಮನೆಗೆ ಹೋದೆ, ಊಟ ಸೇರಲಿಲ್ಲ. ಧೈರ್ಯವಂತೆ ಅಂತ ನನ್ನನ್ನು ಯಾರೂ ಕರೆದಿಲ್ಲ, ನಾನೂ ಕರೆದುಕೊಂಡಿಲ್ಲ. ಆದರೆ ಅವಳ ತಲೆಯ ಮೇಲೆ ಗೂಬೆ ಕೂರಿಸಿ ನಾವೆಲ್ಲ ಕೈ ತೊಳೆದುಕೊಳ್ಳುವುದನ್ನು ನೆನೆದರೆ ಮೈ ಉರಿಯುತ್ತಿತ್ತು. ಧೈರ್ಯಕ್ಕಿಂತ ಆ ಉರಿಯೇ ಕೆಲಸ ಮಾಡಿತು ಅನ್ನಬೇಕು.

ವಿಚಾರಣೆಯ ದಿನ ಒಂದು ಟರ್ಮಿನಲ್ಲನ್ನೂ ಮೇಲಿನ ಮಹಡಿಯ ಒಂದು ವಿಂಡೋಸ್ ಕಂಪ್ಯೂಟರನ್ನೂ ಸಭೆಯ ಕೋಣೆಗೆ ಹೊರಿಸಿದೆ. ಆಡಳಿತಾಧಿಕಾರಿ, ಮೂವರು ಡಾಕ್ಟರು, ಇನ್‌ಚಾರ್ಜ್, ನಮ್ಮ ಮ್ಯಾನೇಜರ್. ಗೋಡೆಯ ಪಕ್ಕದ ಕುರ್ಚಿಯಲ್ಲಿ ಅವಳು. ಮೊದಲು ವಿಂಡೋಸ್‌ನಲ್ಲಿ ಒತ್ತಿ ತೋರಿಸಿದೆ, ಆಮೇಲೆ ಇಲ್ಲಿ. ಪರದೆ ನಿಂತಿತು, ನಾನು ಎರಡನೇ ಸಲ ಹೊಡೆದೆ, ಆರಿಸಿ ಹಚ್ಚಿದೆ, ಇಬ್ಬರ ಹೆಸರಿಗೂ ಒಂದೇ ಅಂಕಿ ತೋರಿಸಿದೆ. ಬೇರೆಯವರ ಜೋಡಿಗಳನ್ನೂ ಮುಂದಿಟ್ಟೆ. ಅವಳ ಜಾಗದಲ್ಲಿ ಮೇಲಿನ ಮಹಡಿಯ ಯಾರು ಕೂತಿದ್ದರೂ ಇದೇ ಆಗುತ್ತಿತ್ತು, ತಪ್ಪು ನಮ್ಮ ಸಾಫ್ಟ್‌ವೇರಿನದು ಎಂದೆ. ಮ್ಯಾನೇಜರ್ ಮೇಜು ನೋಡುತ್ತಾ ಕೂತಿದ್ದರು. ಅಲ್ಲಗಳೆಯಲಿಲ್ಲ, ಅಷ್ಟು ಅವರ ದೊಡ್ಡತನ.

ಒಬ್ಬ ಡಾಕ್ಟರು, "ಹಾಗಾದ್ರೆ ಆ ಕಂಟ್ರೋಲ್ ಕೀನೇ ಕಿತ್ತುಹಾಕ್ಬಿಡಿ" ಅಂದರು. ಇನ್ನೊಬ್ಬರು 'ಇದನ್ನು ಒತ್ತಬೇಡಿ' ಎಂದು ಬೋರ್ಡ್ ಬರೆಸೋಣ ಅಂದರು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಕೊನೆಗೆ ಆಡಳಿತಾಧಿಕಾರಿ ಅಮಾನತು ರದ್ದು ಅಂದರು. ಪೋಲೀಸಿನ ಮಾತು ಬಿಟ್ಟುಹೋಯಿತು. ನಾನು ಗೆದ್ದ ಮುಖದಲ್ಲಿ ಅವಳ ಕಡೆ ತಿರುಗಿದೆ. ಅವಳು ಪರದೆಯ ಮೇಲಿನ ಎರಡು ಹೆಸರುಗಳನ್ನೇ ನೋಡುತ್ತಿದ್ದಳು.

ಹೊರಗೆ ಬಂದರೆ ಬೆಂಚಿನಲ್ಲಿ ಮಗ. ಅವರಿಗೆ 'ತಾಂತ್ರಿಕ ದೋಷ' ಎಂದು ಹೇಳುವುದೆಂದು ಒಳಗೆ ತೀರ್ಮಾನವಾಗಿತ್ತು. ನನಗೆ ತಡೆಯಲಾಗಲಿಲ್ಲ, ಪಕ್ಕದಲ್ಲಿ ಕೂತು ಸಾಧ್ಯವಾದಷ್ಟು ಸರಳವಾಗಿ ಎಲ್ಲ ಹೇಳಿದೆ, ಅವಳ ಹೆಸರೊಂದು ಬಿಟ್ಟು. ಒಂದು ಮಿಷಿನ್‌ನಲ್ಲಿ ಒಂದು ಅರ್ಥ, ಇನ್ನೊಂದರಲ್ಲಿ ಇನ್ನೊಂದು. ಅವರು ಗಮನ ಕೊಟ್ಟು ಕೇಳಿದರು.

"ಅಂದ್ರೆ ಮೇಡಂ, ಯಾರೂ ಮಾಡಿಲ್ಲ."

"ಬೇಕು ಅಂತ ಯಾರೂ ಮಾಡಿಲ್ಲ."

"ಯಾರಾದ್ರೂ ಮಾಡಿದ್ರೆ ಚೆನ್ನಾಗಿತ್ತು" ಅಂದರು. "ಮನೇಲಿ ತಂಗಿ ಕೇಳ್ತಾಳೆ. ಏನಂತ ಹೇಳ್ಲಿ ಅವಳಿಗೆ, ಎರಡು ಬಟನ್ ಅಂತ ಹೇಳ್ಲಾ?" ಎದ್ದು ಹೋದರು. ಆಮೇಲೆ ಆ ಬೆಂಚಿಗೆ ಅವರು ಬರಲಿಲ್ಲ.

ಸರಿಪಡಿಸುವ ಕೆಲಸ ಮುಗಿಯುವವರೆಗೆ ಮಾತ್ರ ಕಂಪನಿಯವರು ನನ್ನನ್ನು ಆಸ್ಪತ್ರೆಗೆ ಬಿಟ್ಟರು. ಸರ್ವರಿನಲ್ಲಿ ಒಂದು ಸಾಲು ಬದಲಾಯಿಸಿದರೆ ಕಂಟ್ರೋಲ್ ಎಸ್ ಪರದೆಯನ್ನು ನಿಲ್ಲಿಸುವುದಿಲ್ಲ. ಬದಲಾಯಿಸಿದೆ. ಮ್ಯಾನೇಜರ್ ಹೇಳಿದ ಹಾಗೇ ಆಯಿತು: 'ತಾಳು' ಅನ್ನಲು ದಾರಿಯಿಲ್ಲದ ಟರ್ಮಿನಲ್‌ಗಳಲ್ಲಿ ಅಕ್ಷರಗಳು ಕಲಸಿಹೋದವು, ಒಬ್ಬರ ಹೆಸರಿನ ಬಾಲ ಇನ್ನೊಬ್ಬರ ಹೆಸರಿಗೆ ಅಂಟಿತು. ಗಾಬರಿಯಾಗಿ ಮೊದಲಿನಂತೆ ಮಾಡಿದೆ. ವೈರಿನ ವೇಗ ತಗ್ಗಿಸಿ ನೋಡಿದೆ; ಪರದೆ ಆಮೆಯಂತೆ ತೆವಳಿತು, ಲ್ಯಾಬಿನವರು ಬೈದರು. ಕೊನೆಗೆ ಉಳಿದದ್ದು ಒಂದೇ ದಾರಿ, 'ತಾಳು' ಅನ್ನುವುದನ್ನು ಅಕ್ಷರಗಳ ಜೊತೆ ಕಳಿಸದೆ ಬೇರೆಯದೇ ತಂತಿಯಲ್ಲಿ ಕಳಿಸುವುದು. ಅದಕ್ಕೆ ಪ್ರತಿ ಟರ್ಮಿನಲ್ಲಿನ ವೈರನ್ನೂ ಬಿಚ್ಚಿ ಕನೆಕ್ಟರಿಗೆ ಹೊಸ ತಂತಿ ಬೆಸುಗೆ ಹಾಕಬೇಕು. ಆಸ್ಪತ್ರೆಯ ಎಲೆಕ್ಟ್ರಿಷಿಯನ್ ಜೊತೆ ನೆಲದ ಮೇಲೆ ಕೂತು ಒಂದೊಂದಾಗಿ ಮಾಡಿದೆ. ಬೆರಳು ಸುಟ್ಟುಕೊಂಡೆ.

ಆಮೇಲೆ ಕೀಗಳ ವಿಷಯ. ಇಡೀ ಆಸ್ಪತ್ರೆಗೆ ಒಂದೇ ನಿಯಮ ಮಾಡಿದೆ: ಯಾವ ಕಂಪ್ಯೂಟರ್ ಆಗಲಿ, ಎಸ್ ಜೊತೆಗಿನ ಕೀಗೆ ಸೇವ್ ಅನ್ನುವುದೊಂದೇ ಅರ್ಥ. ಮ್ಯಾಕ್‌ನಲ್ಲಿ ಅದು ಕಮಾಂಡ್, ಅದನ್ನು ಬದಲಾಯಿಸಲು ಹೋಗಲಿಲ್ಲ. ಅಲ್ಲಿ ಕಂಟ್ರೋಲ್ ಒತ್ತಿದರೂ ಕೆಡುಕಾಗುತ್ತಿರಲಿಲ್ಲ. ಲ್ಯಾಬಿನಲ್ಲಿ ಕಂಟ್ರೋಲ್ ಎಸ್ ಒತ್ತಿದರೆ ಹೊಡೆದಷ್ಟನ್ನು ಉಳಿಸಿ ಅದೇ ರೋಗಿಯಲ್ಲೇ ನಿಲ್ಲಬೇಕು, ಉಳಿಸಿದೆ ಎಂದು ಪರದೆಯ ಕೆಳಗೆ ಹೇಳಬೇಕು. ತಾನಾಗಿ ಮುಂದಿನವರನ್ನು ತೆರೆಯುವುದನ್ನು ತೆಗೆದುಹಾಕಿದೆ. ಪ್ರತಿ ರೋಗಿಗೂ ನಂಬರ್ ಹೊಡೆದೇ ತೆರೆಯಬೇಕು. ಕೆಲಸ ನಿಧಾನವಾಯಿತು ಎಂದು ಟೆಕ್ನಿಷಿಯನ್ನುಗಳು ಮೂಗು ಮುರಿದರು, ಮುರಿಯಲಿ ಎಂದುಕೊಂಡೆ.

ಆಸ್ಪತ್ರೆಯಲ್ಲಿ ನನ್ನ ಕೊನೆಯ ದಿನ ಬೆಳಿಗ್ಗೆ ಅವಳು ಕೆಲಸಕ್ಕೆ ಬಂದಳು. ಅದೇ ಜಾಗದಲ್ಲಿ ಕೂತಳು. ಇನ್‌ಚಾರ್ಜ್ ಒಂದು ಚೀಟಿ ಕೊಟ್ಟು, "ಹೊಡಿಯಮ್ಮಾ, ಏನೂ ಆಗಲ್ಲ ಈಗ" ಅಂದರು. ಅವಳು ನಂಬರ್ ಹೊಡೆದಳು, ಹೆಸರು ಓದಿದಳು, ಮತ್ತೊಮ್ಮೆ ಓದಿದಳು. ಎರಡು ಅಂಕಿ ಹೊಡೆದು ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಮೇಡಂ, ನೀವು ಬರೋತನಕಾ ಟೆಕ್ನಿಷಿಯನ್ನೋರು ಹೊಡದಾರ ಅಂತ ತಿಳಕೊಂಡಿದ್ನಿರಿ. ನೌಕರಿ ಹ್ವಾದ್ರೂ ನಾ ಮಾಡಿಲ್ಲ ಅಂತಿತ್ತು. ರಾತ್ರಿ ನಿದ್ದಿ ಬರ್ತಿತ್ತು."

ಅವಳನ್ನು ಉಳಿಸಲು ನಾನು ಹುಡುಕಿ ತಂದದ್ದು ಅವಳದೇ ಕೈಯನ್ನು ಎಂದು ಆಗ ಹೊಳೆಯಿತು. ತಪ್ಪು ನಿಮ್ಮದಲ್ಲ, ಅದನ್ನೇ ತಾನೇ ನಾನು ತೋರಿಸಿದ್ದು ಅಂದೆ. ಅವಳು ಅದಕ್ಕೆ ಹೂಂ ಅಂದಳು, ಬೇರೆಯವರ ಸಮಾಧಾನಕ್ಕೆ ಅನ್ನುವ ಹಾಗೆ.

ಆಮೇಲೆ ಎಡಗೈ ಎತ್ತಿ, ಈ ಸಲ ನೋಡಿಕೊಂಡೇ, ನಿಧಾನವಾಗಿ ಕಂಟ್ರೋಲ್ ಎಸ್ ಒತ್ತಿದಳು. ಪರದೆ ನಿಲ್ಲಲಿಲ್ಲ. ಕೆಳಗೆ ಹಸಿರು ಅಕ್ಷರದಲ್ಲಿ ಸೇವ್ ಆಗಿದೆ ಎಂದು ಬಂತು. ಅವಳು ಅದನ್ನು ತುಂಬ ಹೊತ್ತು ನೋಡಿದಳು.

"ಬರೇ ಇಷ್ಟ ಏನ್ರಿ?" ಅಂದಳು. "ಇಷ್ಟ ಮಾಡೂದಿತ್ತೇನ್ರಿ?"

ಹೌದು ಅಂದೆ. ಅವಳು ಚೀಟಿಯನ್ನು ಇನ್‌ಚಾರ್ಜ್ ಕೈಗೆ ವಾಪಸ್ ಕೊಟ್ಟಳು, ಕುರ್ಚಿಯನ್ನು ಮೇಜಿನ ಒಳಗೆ ತಳ್ಳಿದಳು, ಚಪ್ಪಲಿ ಹಾಕಿಕೊಂಡು ಮನೆಗೆ ಹೋದಳು.